ದರ್ಶಿನಿಗೆ ಬೇಕು ಮೂರನೇ ಕೈ

ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಪಂಚೆ ಉಟ್ಟ ಸಪ್ಲೈಯರ್ ಅಡುಗೆಮನೆಯಿಂದ ಹೊರಬರುವುದನ್ನು ನೋಡಬೇಕು. ಅಂಗೈಯಿಂದ ಹೆಗಲಿನ ತನಕ ಮಸಾಲೆ ದೋಸೆಯ ತಟ್ಟೆಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಏರಿಕೊಂಡಿರುತ್ತವೆ. ಅಷ್ಟೂ ತಟ್ಟೆ ಒಂದೇ ತೋಳಿನ ಮೇಲೆ, ಆದರೂ ಒಂದೂ ಜಾರದು. 1943ರಲ್ಲಿ ಶುರುವಾದ ಆ ಹೋಟೆಲಿಗೆ ಜನ ಮುಕ್ಕಾಲು ಪಾಲು ದೋಸೆಗೆ ಬಂದರೆ ಕಾಲು ಪಾಲು ಈ ಸರ್ಕಸ್ ನೋಡಲು ಬರುತ್ತಾರೆ.

1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಂತು. ಆರ್. ಪ್ರಭಾಕರ್ ಅವರ ಆ ಯೋಚನೆಯಲ್ಲಿ ಕುರ್ಚಿಯೂ ಇರಲಿಲ್ಲ, ಸಪ್ಲೈಯರೂ ಇರಲಿಲ್ಲ. ಮೊದಲು ದುಡ್ಡು ಕೊಟ್ಟು ಟೋಕನ್ ತಗೊಳ್ಳಿ, ನೀವೇ ತಟ್ಟೆ ಎತ್ತಿಕೊಳ್ಳಿ, ನಿಂತುಕೊಂಡು ತಿನ್ನಿ, ಹೊರಡಿ. ಜಾಗ ಉಳಿಯಿತು, ಸಂಬಳ ಉಳಿಯಿತು, ತಿಂಡಿ ಅಗ್ಗವಾಯಿತು. ಇಂಥ ಹೋಟೆಲಿಗೆಲ್ಲ ದರ್ಶಿನಿ ಎಂದೇ ಹೆಸರಾಯಿತು. ಬೆಂಗಳೂರು ಎರಡೂ ಕೈಯಲ್ಲಿ ಬಾಚಿಕೊಂಡಿತು. ತಾಪತ್ರಯ ಇರುವುದು ಆ ಎರಡು ಕೈಯಲ್ಲೇ. ಸಪ್ಲೈಯರ್ ಹೋದ, ಅವನ ಕೆಲಸ ಹೋಗಲಿಲ್ಲ; ಒಂದು ದಿನದ ತರಬೇತಿಯೂ ಇಲ್ಲದ ಗಿರಾಕಿಯ ತಲೆಗೆ ಬಂತು. ಆ ಗಿರಾಕಿಯ ಒಂದು ಕೈಯಲ್ಲಿ ಆಗಲೇ ಹೆಲ್ಮೆಟ್ ನೇತಾಡುತ್ತಿರುತ್ತದೆ.

ಹೆಲ್ಮೆಟ್ಟಿನ ವಿಷಯ ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು. ಮೊಣಕೈಗೆ ಸಿಕ್ಕಿಸಿಕೊಂಡು ಒಳಗೆ ಹೋದರೆ ಅದು ಗಡಿಯಾರದ ಲೋಲಕ. ತಟ್ಟೆಗೆ ಕೈ ಚಾಚಿದಾಗ ಪಕ್ಕದವರ ಸೊಂಟಕ್ಕೆ ಬಡಿಯುತ್ತದೆ, ತಟ್ಟೆ ಹಿಡಿದು ತಿರುಗಿದಾಗ ನಿಮ್ಮ ಮುಂಗೈಯನ್ನೇ ಎಳೆದು ಸಾಂಬಾರ್ ಚೆಲ್ಲಿಸುತ್ತದೆ. ಟೇಬಲ್ ಮೇಲೆ ಬೋರಲು ಇಟ್ಟರೆ ಒಳಗಿನ ಮೆತ್ತೆ ಯಾರೋ ಚೆಲ್ಲಿ ಹೋದ ಸಾಂಬಾರನ್ನು ಹೀರಿಕೊಂಡು, ಸಂಜೆ ಆಫೀಸು ಬಿಡುವ ಹೊತ್ತಿಗೂ ನಿಮ್ಮ ತಲೆ ಇಂಗಿನ ಡಬ್ಬಿಯಂತೆ ಘಮಘಮಿಸುತ್ತಿರುತ್ತದೆ. ಅಂಗಾತ ಇಟ್ಟರೆ ಕೈ ಒರೆಸಿದ ಕಾಗದ ಹಾಕುವ ಬುಟ್ಟಿ ಎಂದು ಜನ ತಿಳಿಯುತ್ತಾರೆ. ಅವರನ್ನೂ ಅನ್ನುವ ಹಾಗಿಲ್ಲ, ನಿಜವಾದ ಬುಟ್ಟಿಗಿಂತ ಅದೇ ಚೊಕ್ಕಟವಾಗಿರುತ್ತದೆ. ಗಾಡಿಯಲ್ಲಿ ಬೀಗದ ಕೊಕ್ಕೆ ಇದ್ದರೆ ಅಲ್ಲೇ ಬಿಟ್ಟು ಬನ್ನಿ. ಇಲ್ಲವಾದರೆ ಪಟ್ಟಿಯನ್ನು ಬ್ಯಾಗಿನ ತೋಳಿಗೆ ಹಾಕಿ ಬಿಗಿದು, ಬ್ಯಾಗನ್ನು ಬೆನ್ನಿನ ಬದಲು ಎದೆಗೆ ಹಾಕಿಕೊಳ್ಳಿ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಎರಡೂ ಕೈ ಖಾಲಿ ಇರುತ್ತವೆ.

ಇನ್ನು ಕ್ಯಾಷ್ ಕೌಂಟರ್. ಇಲ್ಲಿ ವ್ಯಾಕರಣ ತಿಳಿದಿರಬೇಕು. "ಎರಡು ಇಡ್ಲಿ ವಡೆ" ಎಂದರೆ ನಿಮ್ಮ ಮನಸ್ಸಿನಲ್ಲಿರುವುದು ಎರಡು ಇಡ್ಲಿ, ಜೊತೆಗೊಂದು ವಡೆ. ಕ್ಯಾಷಿಯರ್ ಕಿವಿಗೆ ಅದು ಎರಡು ಪ್ಲೇಟ್ ಇಡ್ಲಿ ವಡೆ; ನಾಲ್ಕು ಇಡ್ಲಿ, ಎರಡು ವಡೆಯ ಬಿಲ್ ಕಣ್ಣು ಮಿಟುಕಿಸುವಷ್ಟರಲ್ಲಿ ಹೊರಬಂದಿರುತ್ತದೆ. ಹಿಂದೆ ಹದಿನೈದು ಜನ ಕೆಮ್ಮುತ್ತಿರುವಾಗ ಅದನ್ನು ಕ್ಯಾನ್ಸಲ್ ಮಾಡಿಸುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. ಹಾಗಾಗಿ ಎಷ್ಟೋ ಜನ ಬೆಳಗ್ಗೆ ಬೆಳಗ್ಗೆ ನಾಲ್ಕು ಇಡ್ಲಿ ತಿಂದು ಆಫೀಸಿನಲ್ಲಿ ತೂಕಡಿಸುತ್ತಾರೆ. "ಒಂದು ಪ್ಲೇಟ್ ಇಡ್ಲಿ ವಡೆ, ಒಂದು ಕಾಫಿ" ಎಂದು ಒಂದೇ ಉಸಿರಿಗೆ ಹೇಳಿ, ಸುಮ್ಮನಾಗಿ. "ಅಂದ್ರೆ..." ಎಂದು ವಿವರಿಸಲು ಹೊರಟರೆ ಇನ್ನೊಂದು ಐಟಂ ಸೇರುತ್ತದೆ.

ಪೇಮೆಂಟ್ ಆ್ಯಪನ್ನು ಬಾಗಿಲಲ್ಲೇ ತೆರೆದಿಟ್ಟುಕೊಳ್ಳಿ. ಕೌಂಟರ್ ಇರುವ ಮೂಲೆಗೆ ಬರುವ ಹೊತ್ತಿಗೆ ಹಲವು ಫೋನುಗಳ ಸಿಗ್ನಲ್ ಸತ್ತಿರುತ್ತದೆ. ಕ್ಯಾಷಿಯರ್ ಪಕ್ಕದ ಡಬ್ಬಿ "ಎಂಬತ್ತು ರೂಪಾಯಿ ಸ್ವೀಕರಿಸಲಾಗಿದೆ" ಎಂದು ಕೂಗಿದಾಗ ಎಂಬತ್ತು ರೂಪಾಯಿ ಕಳಿಸಿದ ಮೂವರು ಏಕಕಾಲಕ್ಕೆ "ನಂದೇ, ನಂದೇ" ಎಂದು ಕೈ ಎತ್ತುತ್ತಾರೆ.

ಟೋಕನ್ ಸಿಕ್ಕಿತು ಅಂದುಕೊಳ್ಳಿ. ಆ ಕಾಗದಕ್ಕೆ ಇಂಕು ಹಾಕಿರುವುದಿಲ್ಲ, ಯಂತ್ರದ ಬಿಸಿ ತಾಗಿದ ಕಡೆ ಅದು ತಾನೇ ಕಪ್ಪಾಗುತ್ತದೆ. ಬಿಸಿ ಎಲ್ಲಿಂದ ಬಂತು ಎಂದು ಅದು ವಿಚಾರಿಸುವುದಿಲ್ಲ. ಗಾಳಿಗೆ ಹಾರದಿರಲಿ ಎಂದು ಹೊಗೆಯಾಡುವ ತಟ್ಟೆಯ ಅಡಿಗೆ ಸಿಕ್ಕಿಸಿದರೆ ಕಾಫಿ ಎಂಬ ಅಕ್ಷರದ ಸುತ್ತಲಿನ ಕಾಗದವೂ ಕಾಫಿಯ ಬಣ್ಣಕ್ಕೇ ತಿರುಗಿರುತ್ತದೆ. ಒದ್ದೆ ಕೌಂಟರಿನ ಮೇಲಿಟ್ಟರಂತೂ ಅಂಟಿಕೊಂಡು, ಕೀಳಲು ಹೋದರೆ ಎರಡು ತುಂಡು. ಅಂಗಿಯ ಜೇಬು ಅದಕ್ಕೆ ಸರಿಯಾದ ಜಾಗ, ಬಾಯಲ್ಲಿ ಕಚ್ಚಿಕೊಳ್ಳುವುದು ರೂಢಿಯಲ್ಲಿದೆ, ಆದರೆ ಅಷ್ಟರಲ್ಲಿ ಯಾರಾದರೂ ಪರಿಚಯದವರು "ಏನ್ ಸಾರ್, ಆರಾಮಾ?" ಎಂದು ಕೇಳಿಯೇ ತೀರುತ್ತಾರೆ.

ಇಡ್ಲಿ ಕೌಂಟರಿನಲ್ಲಿ ಪ್ರಶ್ನೆ ಒಂದೇ. "ಡಿಪ್ಪಾ, ಸಪರೇಟಾ?" ಸಾಂಬಾರ್ ಮೇಲೇ ಸುರಿಯಬೇಕೋ, ಬೇರೆ ಬಟ್ಟಲಿನಲ್ಲಿ ಕೊಡಬೇಕೋ ಎಂದು. ಉತ್ತರಕ್ಕೆ ಒಂದು ಸೆಕೆಂಡ್ ಸಮಯ. "ಅದೂ..." ಎಂದು ರಾಗ ಎಳೆದವರಿಗೆಲ್ಲ ಡಿಪ್. ಸೌಟು ಒಮ್ಮೆ ಮುಳುಗಿ ಎದ್ದರೆ ಇಡ್ಲಿ ದ್ವೀಪವಾಗುತ್ತದೆ, ಸಾಂಬಾರ್ ತಟ್ಟೆಯ ಅಂಚಿನಲ್ಲಿ ತುಳುಕುತ್ತ ನಿಲ್ಲುತ್ತದೆ. ತಟ್ಟೆ ನೋಡಿಕೊಂಡು ನಡೆದರೆ ಎದುರಿನವರಿಗೆ ಢಿಕ್ಕಿ, ಎದುರಿನವರನ್ನು ನೋಡಿಕೊಂಡು ನಡೆದರೆ ಸಾಂಬಾರ್ ಚಪ್ಪಲಿಗೆ. ನುರಿತವರು ಕೌಂಟರ್ ಬಿಡುವ ಮುನ್ನ ಅಲ್ಲೇ ನಿಂತು ಎರಡು ಚಮಚ ಸಾಂಬಾರ್ ಕುಡಿದು ಮಟ್ಟ ಇಳಿಸುತ್ತಾರೆ. ಹಿಂದಿನವರು ಗುರುಗುಟ್ಟಿದರೆ ಗುರುಗುಟ್ಟಲಿ, ಅವರ ಪ್ಯಾಂಟನ್ನೇ ನೀವು ಉಳಿಸುತ್ತಿರುವುದು.

ಇಡ್ಲಿಗೆ ಡಿಪ್ ಒಗ್ಗುತ್ತದೆ. ಹುದುಗಿ ಬಂದ ಹಿಟ್ಟಿನ ತುಂಬ ಸಣ್ಣ ಸಣ್ಣ ತೂತು, ಹೀರುವುದೇ ಅದರ ಕಸುಬು. ವಡೆಯ ಕಥೆ ಬೇರೆ. ಎಣ್ಣೆಯಿಂದ ಆಗಷ್ಟೇ ತೆಗೆದ ಉದ್ದಿನ ವಡೆಯ ಹೊರಗಿನ ಗರಿಯನ್ನು ಚಮಚದ ಅಂಚಿನಿಂದ ಒತ್ತಿ ನೋಡಿ. ಮೊದಲು ಏನೂ ಆಗುವುದಿಲ್ಲ. ಇನ್ನಷ್ಟು ಒತ್ತುತ್ತೀರಿ. ಉರುಟಾದ ಮೈ, ಅಡಿಯಲ್ಲಿ ಸಾಂಬಾರಿನ ಜಾರು, ಮೇಲಿಂದ ಓರೆಯಾಗಿ ಬಿದ್ದ ಬಲ. ವಡೆ ಒಮ್ಮೆ ಹೊರಳಿ, ಚಮಚದಡಿಯಿಂದ ನುಣುಚಿ, ತಟ್ಟೆಯ ಅಂಚು ಹಾರಿ ಪಕ್ಕದವರ ಕೇಸರಿಬಾತಿನ ನೆತ್ತಿಯ ಮೇಲೆ ಹೋಗಿ ಕೂರುತ್ತದೆ. ಅವರು ವಡೆ ನೋಡುತ್ತಾರೆ, ನಿಮ್ಮನ್ನು ನೋಡುತ್ತಾರೆ. "ತಗೊಳ್ಳಿ ಸಾರ್" ಎಂದು ಚಮಚದಲ್ಲಿ ವಾಪಸ್ ಕೊಡುತ್ತಾರೆ. ನೀವು "ಇರಲಿ ಬಿಡಿ ಸಾರ್" ಅನ್ನುತ್ತೀರಿ. ಯಾರದೂ ಅಲ್ಲದ ಆ ವಡೆ ಕೊನೆಯವರೆಗೂ ಟೇಬಲ್ ನಡುವೆ ಅನಾಥವಾಗಿ ಕೂತಿರುತ್ತದೆ.

ವಡೆಗೆ ತೂತು ಇಡುವುದು ನಡುಭಾಗ ಹಸಿಯಾಗಿ ಉಳಿಯದಿರಲಿ ಎಂದು, ಆದರೆ ತಿನ್ನುವವರಿಗೂ ಅದೇ ದಾರಿ. ಚಮಚದ ತುದಿಯನ್ನು ಆ ತೂತಿಗೆ ಇಳಿಸಿ ಒಳಗಿನಿಂದ ಹೊರಕ್ಕೆ ಸೀಳಬೇಕು. ಎರಡನೇ ಚಮಚ ಕೇಳಿ ಇಸಕೊಂಡು ಇನ್ನೊಂದು ಬದಿಯನ್ನು ಅದರಿಂದ ಒತ್ತಿ ಹಿಡಿದರೆ ವಡೆ ಎಲ್ಲಿಗೂ ಹೋಗದು. ಸಪರೇಟ್ ತಗೊಂಡು ಅರ್ಧ ವಡೆಯನ್ನು ಗರಿಗರಿಯಾಗಿ ಚಟ್ನಿಯಲ್ಲಿ ಮುಗಿಸಿ, ಉಳಿದರ್ಧವನ್ನು ಸಾಂಬಾರಿಗೆ ಬಿಟ್ಟು ನೆನೆಸಿ ತಿನ್ನುವುದೇ ನನ್ನ ಮಟ್ಟಿಗೆ ಸರಿಯಾದ ಕ್ರಮ. ಈ ರಗಳೆಯೇ ಬೇಡ ಎನ್ನುವವರು ಶಂಕರಪುರಂನ ಬ್ರಾಹ್ಮಿನ್ಸ್ ಕಾಫಿ ಬಾರಿಗೆ ಹೋಗಲಿ. 1965ರಿಂದ ಇರುವ ಆ ಹೋಟೆಲಿನಲ್ಲಿ ಸಾಂಬಾರೇ ಇಲ್ಲ, ಬರೀ ಚಟ್ನಿ. ಚೆಲ್ಲುವ ಪದಾರ್ಥವನ್ನೇ ಮೆನುವಿನಿಂದ ತೆಗೆದುಬಿಟ್ಟರೆ ಮುಗಿಯಿತಲ್ಲ!

ದೋಸೆ ಕೌಂಟರಿನ ಮುಂದೆ ನಿಂತವರು "ಐದು ನಿಮಿಷ ಸಾರ್" ಎಂಬ ಮಾತನ್ನು ಗಡಿಯಾರದಿಂದ ಅಳೆಯಬಾರದು, ಕಾವಲಿಯಿಂದ ಅಳೆಯಬೇಕು. ಭಟ್ಟರು ನೀರು ಚಿಮುಕಿಸಿ ಪೊರಕೆಯಿಂದ ಗುಡಿಸುವುದು ಶುಚಿಗೆ ಮಾತ್ರವಲ್ಲ, ಕಾವು ಇಳಿಸಲಿಕ್ಕೆ. ಅತಿ ಕಾದ ಕಾವಲಿಗೆ ಹಿಟ್ಟು ಬಿದ್ದಲ್ಲೇ ಕಚ್ಚಿಕೊಳ್ಳುತ್ತದೆ, ಹರಡಲು ಬರುವುದಿಲ್ಲ. ಒಂದು ಸುತ್ತಿಗೆ ಎಷ್ಟು ದೋಸೆ ಹುಯ್ಯುತ್ತಾರೆಂದು ಎಣಿಸಿ, ನಿಮ್ಮ ಮುಂದೆ ಎಷ್ಟು ಟೋಕನ್ ಇದೆ ನೋಡಿ. ಹತ್ತು ದೋಸೆಯ ಸುತ್ತು, ನೀವು ಹನ್ನೊಂದನೆಯವರು ಎಂದಾದರೆ ಭಟ್ಟರನ್ನು ದಿಟ್ಟಿಸಿ ಪ್ರಯೋಜನವಿಲ್ಲ. ಕೆಂಪು ಚಟ್ನಿ ಸವರಿ, ಪಲ್ಯ ಇಟ್ಟು, ಬೆಣ್ಣೆ ಹಾಕಿ, ಮಡಚಿ ತಟ್ಟೆಗೆ ಬಂದ ದೋಸೆಯ ಮೇಲೆ "ಚಟ್ನಿ ಹಾಕ್ಲಾ?" ಎಂದು ಕೇಳುವಷ್ಟರಲ್ಲಿ ಸೌಟು ಓರೆಯಾಗಿರುತ್ತದೆ. "ಪಕ್ಕಕ್ಕೆ ಅಣ್ಣಾ!" ಎಂದು ಮೊದಲೇ ಕೂಗಿಡಿ. ಮೇಲೆ ಬಿತ್ತೋ, ಇಷ್ಟು ಹೊತ್ತು ಕಾದದ್ದು ಒದ್ದೆ ರೊಟ್ಟಿಗೆ. ತಿನ್ನುವಾಗ ತುದಿಯಿಂದ ಒಳಕ್ಕೆ ಬನ್ನಿ. ತೆಳು ದೋಸೆ ಬೇಗ ಆರುತ್ತದೆ, ಆಲೂಗಡ್ಡೆಯ ಮುದ್ದೆ ಆರುವುದಿಲ್ಲ. ನೇರ ಹೊಟ್ಟೆಗೆ ಕೈ ಹಾಕಿದವರು ಬಾಯಿ ತೆರೆದು "ಹಾ ಹಾ" ಎನ್ನುತ್ತಿರುವುದನ್ನು ಎದುರಿನವರು ನಗು ಎಂದು ತಿಳಿದು ತಾವೂ ನಗುತ್ತಾರೆ.

ಚೌಚೌ ಬಾತಿನಲ್ಲಿ ಅಪಾಯ ನಿಧಾನಕ್ಕೆ ಹರಿದು ಬರುತ್ತದೆ. ಖಾರಾಬಾತ್ ಒಂದು ಗುಡ್ಡ, ಕೇಸರಿಬಾತ್ ಒಂದು ಗುಡ್ಡ, ನಡುವಿನ ಕಣಿವೆಗೆ ನೀರಾದ ಕಾಯಿ ಚಟ್ನಿ. ದರ್ಶಿನಿಯ ಟೇಬಲ್ ಸಮತಟ್ಟಾಗಿರುವುದು ಅಪರೂಪ, ಹಾಗಾಗಿ ಚಟ್ನಿ ಯಾವ ಕಡೆಗೆ ಹೊರಟಿದೆ ನೋಡಿ ತಟ್ಟೆಯನ್ನು ತಿರುಗಿಸಿ ಖಾರಾಬಾತನ್ನು ಇಳಿಜಾರಿನ ಕಡೆಗೆ ತನ್ನಿ. ಹಸಿಮೆಣಸಿನಕಾಯಿ ಹಾಕಿದ ಕೇಸರಿಬಾತ್ ತಿಂದವರಿಗೆ ಇದರ ಮಹತ್ವ ಗೊತ್ತು. ಖಾರ ಮೊದಲು, ಸಿಹಿ ಆಮೇಲೆ ಎನ್ನುವವರು ಬೇಗ ಮುಗಿಸಬೇಕು, ಆರಿದ ಕೇಸರಿಬಾತಿನ ತುಪ್ಪ ಗಟ್ಟಿಯಾಗಿ ಚಮಚ ನಿಲ್ಲಿಸಬಹುದು.

ಟೇಬಲ್ ಹಂಚಿಕೊಳ್ಳುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ, ಆದರೂ "ಇಲ್ಲಿ ಯಾರಾದ್ರೂ ಇದಾರಾ?" ಎಂದು ಕೇಳುವುದು ವಾಡಿಕೆ. ಚೂಡಿದಾರ್ ದುಪಟ್ಟಾ, ಟೈ, ಕತ್ತಿನ ಐಡಿ ಕಾರ್ಡ್ ಇವು ಮೂರೂ ನಿಂತು ಬಗ್ಗಿದಾಗ ನೇರ ಸಾಂಬಾರಿಗೆ ಇಳಿಯುವ ಉದ್ದಕ್ಕೇ ಹೊಲಿದಂತಿರುತ್ತವೆ. ಐಡಿ ಕಾರ್ಡನ್ನು ಜೇಬಿಗೆ ತುರುಕಿ, ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿ.

ಕಾಫಿ ಟೋಕನನ್ನು ತಿಂಡಿಯ ಜೊತೆಗೇ ಕೊಟ್ಟುಬಿಡುವುದು ಹೊಸಬರ ತಪ್ಪು. ಒಂದು ಕೈಯಲ್ಲಿ ತಟ್ಟೆ, ಒಂದು ಕೈಯಲ್ಲಿ ಲೋಟ ಹಿಡಿದು ತಿನ್ನುವುದು ಹೇಗೆ? ಟೇಬಲ್ ಮೇಲಿಟ್ಟರೆ ತಿಂಡಿ ಮುಗಿಯುವಷ್ಟರಲ್ಲಿ ಕೆನೆ ಕಟ್ಟಿ ತಣ್ಣಗಾಗಿರುತ್ತದೆ. ತಟ್ಟೆ ಹಾಕಿ, ಕೈ ತೊಳೆದು ಆಮೇಲೆ ಹೋಗಿ. ಕೈ ಒರೆಸಲು ಇಟ್ಟಿರುವ ಆ ತೆಳು ಕಾಗದವನ್ನು ಮುಟ್ಟಬೇಡಿ, ನೀರು ಹೋಗುವುದಿಲ್ಲ, ಕಾಗದ ಬೆರಳಿಗೆ ಅಂಟಿ ಉಳಿಯುತ್ತದೆ. ಸ್ಟೀಲ್ ಲೋಟದ ಮೈಗೆ ಕೈ ಹಾಕುವಂತಿಲ್ಲ. ಮೇಲಂಚು ಹೊರಕ್ಕೆ ಮಡಚಿದೆಯಲ್ಲ, ಕಾಫಿಯ ಮಟ್ಟಕ್ಕಿಂತ ಮೇಲಿರುವ ಆ ಒಂದು ಬೆರಳಗಲವನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿಯಿರಿ. ನೊರೆ ನೋಡಿ ಮೋಸ ಹೋಗಬೇಡಿ, ಅದು ಕಂಬಳಿಯ ಹಾಗೆ ಹೊದ್ದುಕೊಂಡು ಅಡಿಯ ಕಾಫಿಯ ಬಿಸಿಯನ್ನು ಕಾಯುತ್ತಿರುತ್ತದೆ. "ಸಕ್ಕರೆ ಕಮ್ಮಿ" ಎನ್ನುವುದನ್ನು ಟೋಕನ್ ಕೊಡುವಾಗಲೇ ಹೇಳಬೇಕು, ಡಿಕಾಕ್ಷನ್ ಬಿದ್ದ ಮೇಲೆ ಹೇಳಿದರೆ ಅದು ಬರೀ ಆತ್ಮಕಥೆ. ಬೈಟು ಹೇಳುವವರು ಇಬ್ಬರೂ ಕೌಂಟರಿಗೆ ಬರಲಿ. ಒಬ್ಬರೇ ಎರಡು ಲೋಟ ತರಹೊರಟರೆ ಬಾಗಿಲು, ಮೆಟ್ಟಿಲು, ಫೋನ್ ಎಲ್ಲಕ್ಕೂ ಮತ್ತದೇ ಮೂರನೇ ಕೈ ಬೇಕು.

ಇಷ್ಟೆಲ್ಲ ಯಾಕೆ, ಪಾರ್ಸೆಲ್ ಕಟ್ಟಿಸಿಕೊಂಡು ಹೋಗೋಣ ಎಂದರೆ ಆಪತ್ತು ಮನೆಗೇ ಬರುತ್ತದೆ. ಇಡ್ಲಿ, ಖಾಲಿ ದೋಸೆ ಪಾರ್ಸೆಲ್ಲಿಗೆ ಸರಿ, ಹಬೆಯಲ್ಲಿ ಮೆತ್ತಗಿದ್ದರೇ ಚೆನ್ನ. ಮಸಾಲೆ ದೋಸೆ, ಪೂರಿ, ವಡೆ ತಮ್ಮದೇ ಹಬೆಯಲ್ಲಿ ಬೆವೆತು ಸೋಲುತ್ತವೆ. ಬೇಕೇ ಬೇಕೆಂದರೆ ಪಲ್ಯ ಬೇರೆ ಕಟ್ಟಿಸಿ, ಪೊಟ್ಟಣದ ಒಂದು ತುದಿ ತೆರೆದಿಡಲು ಹೇಳಿ. ಸಾಂಬಾರಿನ ಕವರಿಗೆ ಹತ್ತಿಪ್ಪತ್ತು ಸುತ್ತು ದಾರ ಬಿಗಿದಿರುತ್ತಾರೆ. ಆ ದಾರದ ತುದಿ ಹುಡುಕಿ ಬಿಚ್ಚಿದವರು ಯಾರೂ ಇಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದರೆ ಗೋಡೆಯ ತುಂಬ ರಂಗೋಲಿ. ಕವರನ್ನು ಪಾತ್ರೆಯೊಳಗೆ ನಿಲ್ಲಿಸಿ, ಕೆಳಗಿನ ಮೂಲೆಯನ್ನು ಕತ್ತರಿಯಲ್ಲಿ ಕತ್ತರಿಸಿ, ಆಮೇಲೆ ಮೇಲಕ್ಕೆತ್ತಿ.

ಆಮೇಲೆ ಅಂಗಿ ಒಗೆಯಲು ಹಾಕುವ ಮುನ್ನ ಜೇಬು ನೋಡಿಕೊಳ್ಳಿ. ಮಡಚಿದ ಒಂದು ಚೀಟಿ ಸಿಗುತ್ತದೆ. ಅಲ್ಲಿ ಕುಡಿಯಲು ಮರೆತ ಕಾಫಿ, ಇವತ್ತಿನ ತಾರೀಖು ಸಮೇತ.