ಬಾಣಂತನದಲ್ಲಿ ಯಾರೂ ಹೇಳಿಕೊಡದ ವ್ಯಾಯಾಮ

ಇದನ್ನೆಲ್ಲ ಫೇಸ್‌ಬುಕ್‌ನಲ್ಲಿ ಬರೀಬೇಡ ಅಂತ ಅಕ್ಕ ಹೇಳಿದಳು. ಅದಕ್ಕೇ ಬರೆಯುತ್ತಿದ್ದೇನೆ. ಕೆಮ್ಮಿದಾಗ, ಸೀನಿದಾಗ, ಜೋರಾಗಿ ನಕ್ಕಾಗ, ಬಿಂದಿಗೆ ಎತ್ತಿದಾಗ ಮೂತ್ರ ಸೋರುತ್ತದಲ್ಲ, ಅದರ ಬಗ್ಗೆ. ಹಾಸನದಲ್ಲಿ ನನ್ನ ಪರಿಚಯದ, ನಲವತ್ತು ದಾಟಿದ ಹೆಂಗಸರಲ್ಲಿ ಎಷ್ಟೋ ಜನರಿಗೆ ಇದೆ. ಯಾರೂ ಬಾಯಿ ಬಿಡುವುದಿಲ್ಲ.

ಆದರೂ ಗೊತ್ತಾಗುತ್ತದೆ. ಹಾಸನಾಂಬೆಯ ದರ್ಶನಕ್ಕೆ ಗಂಟೆಗಟ್ಟಲೆ ಸಾಲು ಅಂತ ಬೆಳಿಗ್ಗೆಯಿಂದ ಒಂದು ಗುಟುಕು ನೀರೂ ಕುಡಿಯದವರು. ಸಕಲೇಶಪುರದ ಬಸ್ ಹತ್ತುವ ಮುಂಚೆ ಬರಲಿ ಬಿಡಲಿ ಒಂದಕ್ಕೆ ಹೋಗಿ ಬರುವವರು. ಮದುವೆಗೆ ಗಾಢ ಬಣ್ಣದ ಸೀರೆಯನ್ನೇ ಉಡುವವರು. ಕೇಳಿದರೆ "ಎರಡು ಹೆರಿಗೆ ಆಯ್ತಲ್ಲ, ವಯಸ್ಸೂ ಆಯ್ತು" ಅನ್ನುತ್ತಾರೆ. ನಾನು ತೋರಿಸಿಕೊಂಡ ಡಾಕ್ಟರೂ ಇದನ್ನೇ ಹೇಳಿ ಮುಂದಿನ ಟೋಕನ್ ಕರೆದರು.

ನಮ್ಮ ಬಾಣಂತನ ನೆನಪು ಮಾಡಿಕೊಳ್ಳಿ. ಎಣ್ಣೆ ತಿಕ್ಕಿ ಹಂಡೆಗಟ್ಟಲೆ ಬಿಸಿನೀರು ಹುಯ್ಯುತ್ತಾರೆ. ಬೆಳ್ಳುಳ್ಳಿ, ಮೆಣಸಿನ ಸಾರು, ಸಬ್ಬಸಿಗೆ. ಹೊಟ್ಟೆ ಬರಬಾರದು ಅಂತ ಸೀರೆ ಬಿಗಿದು ಕಟ್ಟುತ್ತಾರೆ. ಆದರೆ ಒಂಬತ್ತು ತಿಂಗಳು ಮಗುವಿನ ಭಾರ ಹೊತ್ತು, ಹೆರಿಗೆಯಲ್ಲಿ ಎಳೆದುಹೋದ ಆ ಕೆಳಗಿನ ಸ್ನಾಯುಗಳ ಬಗ್ಗೆ ಒಂದು ಮಾತಿಲ್ಲ. ಮುಂದಿನ ಮೂಳೆಯಿಂದ ಹಿಂದಿನ ಬಾಲದ ಮೂಳೆವರೆಗೆ ತೂಗುಮಂಚದ ಹಾಗೆ ಹರಡಿಕೊಂಡು ಮೂತ್ರಕೋಶ, ಗರ್ಭಕೋಶ, ಮಲದ್ವಾರದ ಭಾಗ ಎಲ್ಲವನ್ನೂ ಅವೇ ಎತ್ತಿ ಹಿಡಿದಿರುವುದು. ಅವು ಸಡಿಲವಾದಾಗ ಕೆಮ್ಮಿನ ಒತ್ತಡಕ್ಕೆ ಬಾಗಿಲು ನಿಲ್ಲುವುದಿಲ್ಲ.

ಇದನ್ನು ಗಟ್ಟಿ ಮಾಡುವ ವ್ಯಾಯಾಮ ಹೊಸದೇನಲ್ಲ. ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೆಗಲ್ 1948ರಲ್ಲೇ ಇದರ ಬಗ್ಗೆ ಬರೆದಿದ್ದರು. ಕೆಗಲ್ ವ್ಯಾಯಾಮ ಅನ್ನುವ ಹೆಸರು ಬಂದಿದ್ದು ಅವರಿಂದಲೇ. ಇವತ್ತಿಗೂ ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಡಾಕ್ಟರುಗಳಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ ಮಾರ್ಗಸೂಚಿ ಮೊದಲು ಹೇಳುವ ಚಿಕಿತ್ಸೆ ಇದೇ: ಒಂದು ಸಲಕ್ಕೆ ಕನಿಷ್ಠ 8 ಬಾರಿ ಬಿಗಿ ಹಿಡಿಯುವುದು, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ಆಪರೇಷನ್ ಮಾತೆಲ್ಲ ಆಮೇಲೆ.

ಮಾಡುವುದು ಹೀಗೆ. ಮೊದಮೊದಲು ಮಲಗಿಕೊಂಡು ಮಾಡಿ, ಸುಲಭ. ನಾಲ್ಕು ಜನರ ಮಧ್ಯೆ ಕೂತಾಗ ಗ್ಯಾಸ್ ಬರುವ ಹಾಗಾದರೆ ಹೇಗೆ ತಡೆಯುತ್ತೀರಿ? (ನಗಬೇಡಿ, ಇದಕ್ಕಿಂತ ಚೆನ್ನಾಗಿ ಯಾರೂ ವಿವರಿಸಿಲ್ಲ.) ಹಾಗೇ ಹಿಂದಿನಿಂದ ಮುಂದಕ್ಕೆ, ಒಳಗೆ ಮೇಲಕ್ಕೆ ಎಳೆದುಕೊಳ್ಳಬೇಕು. ಕೆಲವು ಸೆಕೆಂಡ್ ಹಿಡಿದು, ಪೂರ್ತಿ ಸಡಿಲ ಬಿಡಬೇಕು. ಬಿಡುವುದೂ ಹಿಡಿಯುವಷ್ಟೇ ಮುಖ್ಯ. ಉಸಿರು ಕಟ್ಟಬಾರದು, ಹೊಟ್ಟೆ ತೊಡೆ ಬಿಗಿಯಬಾರದು. ಕೆಳಕ್ಕೆ ಮುಕ್ಕಿದರಂತೂ ಉಲ್ಟಾ ಕೆಲಸ. ಒಂದಕ್ಕೆ ಹೋಗುವಾಗ ಮಧ್ಯೆ ತಡೆದು ತಡೆದು ಅಭ್ಯಾಸ ಮಾಡುವುದು ಬೇಡ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ತೊಂದರೆಯಾಗಬಹುದು. ಕೈಗೆ ಬಂದಮೇಲೆ ಸೀನು ಬರುತ್ತಿದೆ ಅನ್ನುವಾಗಲೇ ಒಂದು ಸಲ ಬಿಗಿದುಕೊಳ್ಳಿ. ನನಗೆ ಎಲ್ಲಕ್ಕಿಂತ ಬೇಗ ಉಪಯೋಗಕ್ಕೆ ಬಂದಿದ್ದು ಇದು.

ಸೋರುವುದರಲ್ಲಿ ಇನ್ನೊಂದು ಥರ ಇದೆ. ಬಂತು ಅಂದ ತಕ್ಷಣ ಓಡಬೇಕು, ಬಾಗಿಲ ಹತ್ತಿರ ಬರುವಷ್ಟರಲ್ಲಿ ಆಗಿಹೋಗಿರುತ್ತದೆ. ಇದಕ್ಕೆ ಮೂತ್ರಕೋಶವನ್ನೇ ಪಳಗಿಸಬೇಕು. ಯಾವಾಗ ಹೋದೆ, ಏನು ಕುಡಿದೆ, ಯಾವಾಗ ಸೋರಿತು ಅಂತ ಎರಡು ಮೂರು ದಿನ ಬರೆದಿಟ್ಟುಕೊಂಡು, ಆಮೇಲೆ ಹೋಗುವ ನಡುವಿನ ಸಮಯವನ್ನು ಸ್ವಲ್ಪ ಸ್ವಲ್ಪವೇ ಹಿಗ್ಗಿಸುವುದು. ಕಡಿಮೆ ಅಂದರೂ 6 ವಾರ ಬೇಕು. ಕಾಫಿಯನ್ನೂ ಇಳಿಸಬೇಕು, ಟೀಯನ್ನೂ. ಕೆಫೀನ್ ಅರ್ಜೆಂಟನ್ನು ಜಾಸ್ತಿ ಮಾಡುತ್ತದೆ. ಹಾಸನ, ಚಿಕ್ಕಮಗಳೂರಿನವರಿಗೆ ಕಾಫಿ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ. ಸಂಜೆಯ ಲೋಟವನ್ನಾದರೂ ಬಿಡಿ. ನೀರನ್ನು ಮಾತ್ರ ಬಿಡಬೇಡಿ. ನೀರು ಕಮ್ಮಿಯಾದರೆ ಮೂತ್ರ ಗಟ್ಟಿಯಾಗಿ ಇನ್ನಷ್ಟು ಕೆರಳಿಸುತ್ತದೆ. ಮಲಬದ್ಧತೆ ಬಂದು ಮುಕ್ಕಿ ಮುಕ್ಕಿ ಸ್ನಾಯು ಇನ್ನೂ ಸೋಲುತ್ತದೆ. ತೂಕ ಜಾಸ್ತಿ ಇರುವವರು ಸ್ವಲ್ಪ ಇಳಿಸಿದರೂ ಫರಕು ಗೊತ್ತಾಗುತ್ತದೆ.

ಮನೇಲಿ ಒಬ್ಬರೇ ಮಾಡಿಕೊಂಡರೆ ವಾಸಿಯಾಗುತ್ತದಾ? ಸ್ವೀಡನ್ನಿನ ಉಮಿಯೊ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿದರು. ಕೆಮ್ಮಿದರೆ ಸೀನಿದರೆ ಸೋರುವ 123 ಹೆಂಗಸರಲ್ಲಿ ಅರ್ಧ ಜನರಿಗೆ ಈ ವ್ಯಾಯಾಮ ಕಲಿಸುವ ಮೊಬೈಲ್ ಆಪ್ ಕೊಟ್ಟರು, ಉಳಿದವರನ್ನು ಕಾಯಿಸಿದರು. 3 ತಿಂಗಳಾದ ಮೇಲೆ ನೋಡಿದರೆ ಆಪ್ ಸಿಕ್ಕವರಿಗೆ ಸೋರುವುದು ಚೆನ್ನಾಗಿ ಕಡಿಮೆಯಾಗಿತ್ತು. 2017ರಲ್ಲಿ ಪ್ರಕಟವಾದ ಅಧ್ಯಯನ ಇದು. ನಮಗೆ ಇದು ಹೇಳಿ ಮಾಡಿಸಿದ ಚಿಕಿತ್ಸೆ ಅಂತ ನನ್ನ ಅಭಿಪ್ರಾಯ. ಅತ್ತೆಗೆ ಹೇಳಬೇಕಾಗಿಲ್ಲ, ಗಂಡನ ಹತ್ತಿರ ದುಡ್ಡು ಕೇಳಬೇಕಾಗಿಲ್ಲ, ಸೊಪ್ಪು ಬಿಡಿಸುತ್ತಾ ಮಾಡಬಹುದು.

ಆದರೆ ಎಲ್ಲರಿಗೂ ಇದೇ ಸಾಕು ಅಂತಲ್ಲ. ಎಳೆಯುತ್ತಿದ್ದೇನೆ ಅಂದುಕೊಂಡು ಮುಕ್ಕುವವರಿದ್ದಾರೆ. ಮೂರು ತಿಂಗಳು ನಿಯಮವಾಗಿ ಮಾಡಿಯೂ ಏನೂ ಆಗದಿದ್ದರೆ ಸ್ತ್ರೀರೋಗ ತಜ್ಞರಿಗೋ ಫಿಸಿಯೋಥೆರಪಿಸ್ಟ್‌ಗೋ ತೋರಿಸಿ. ಮೂತ್ರದಲ್ಲಿ ರಕ್ತ, ಉರಿ, ಜ್ವರ, ಕೆಳಗೆ ಗಡ್ಡೆ ಬಂದ ಹಾಗೆ ಅನಿಸುವುದು, ಹೆರಿಗೆಯ ನಂತರವೋ ಗರ್ಭಕೋಶ ತೆಗೆಸಿದ ಮೇಲೋ ಹಗಲು ರಾತ್ರಿ ಒಂದೇ ಸಮನೆ ಸೋರುವುದು, ಇವಕ್ಕೆ ಮೂರು ತಿಂಗಳು ಕಾಯುವಂತಿಲ್ಲ. ಕಾಲು ಜೋಮು ಹಿಡಿದು ಮೂತ್ರದ ಮೇಲೆ ಹಿಡಿತ ತಪ್ಪಿದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಇನ್ನು ತೋಟದ ಹೆಂಗಸರ ವಿಷಯ. ಕಾಫಿ ಕೊಯ್ಲಿನಲ್ಲಿ ದಿನವಿಡೀ ನಿಂತು ಹಣ್ಣು ಬಿಡಿಸಿ, ಸಂಜೆ ಮೂಟೆ ಹೊರುತ್ತಾರೆ. ತೋಟದಲ್ಲಿ ಹೆಂಗಸರಿಗೆ ಬೇರೆ ಶೌಚಾಲಯ ಇರಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಗಿಡದ ಮರೆಗೆ ಹೋಗಬೇಕಾದವಳಿಗೆ ನೀರು ಚೆನ್ನಾಗಿ ಕುಡಿ ಅಂತ ಯಾವ ಬಾಯಲ್ಲಿ ಹೇಳುವುದು? ಅವರಿಗೆ ಆಪ್‌ಗಿಂತ ಮೊದಲು ಬಾಗಿಲಿರುವ ಒಂದು ಶೌಚಾಲಯ ಬೇಕು.

ವ್ಯಾಯಾಮ ಕಲಿಸುವುದಕ್ಕೆ ದಾರಿ ಈಗಾಗಲೇ ಇದೆ. ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 42ನೇ ದಿನದವರೆಗೆ ಹಲವು ಸಲ ಬರುತ್ತಾರೆ. ಮಗುವಿನ ತೂಕ ನೋಡುತ್ತಾರೆ, ಹಾಲು ಕುಡಿಸುವುದು ವಿಚಾರಿಸುತ್ತಾರೆ. ಅದೇ ಭೇಟಿಯಲ್ಲಿ ಬಾಣಂತಿಗೆ ಇದನ್ನೂ ಹೇಳಿಕೊಡಬಹುದು. ಕೆಲಸ ಒಂದು ಹೆಚ್ಚಾದರೆ ಅವರ ಗೌರವಧನವೂ ಹೆಚ್ಚಬೇಕು, ಅದನ್ನೂ ಸೇರಿಸಿಯೇ ಕೇಳುತ್ತಿದ್ದೇನೆ.