420 ಸೆಂಟಿಮೀಟರ್ ಉದ್ದದ ತುಂಡು

ಕಳೆದ ತಿಂಗಳು ಆರನೇ ತರಗತಿಯ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದಾಗ ಒಂದು ಉತ್ತರದ ಮುಂದೆ ನನ್ನ ಕೆಂಪು ಪೆನ್ನು ನಿಂತುಹೋಯಿತು. 60 ಸೆಂ.ಮೀ. ಮತ್ತು 84 ಸೆಂ.ಮೀ. ಉದ್ದದ ಎರಡು ರಿಬ್ಬನ್‌ಗಳನ್ನು ಏನೂ ಉಳಿಯದಂತೆ ಒಂದೇ ಅಳತೆಯ ತುಂಡುಗಳಾಗಿ ಕತ್ತರಿಸಬೇಕು, ತುಂಡಿನ ಉದ್ದ ಹೆಚ್ಚೆಂದರೆ ಎಷ್ಟಿರಬಹುದು ಎಂಬುದು ಪ್ರಶ್ನೆ. ಹುಡುಗ 2, 2, 3 ಎಂದು ಅಂದವಾಗಿ ಭಾಗಿಸುತ್ತಾ ಬಂದು, ಕೊನೆಯ ಸಾಲಿನಲ್ಲಿ 5 ಮತ್ತು 7 ಉಳಿಸಿಕೊಂಡು, ಎಲ್ಲವನ್ನೂ ಗುಣಿಸಿ, 420 ಸೆಂ.ಮೀ. ಎಂದು ಬರೆದು ಅದರ ಸುತ್ತ ಚೌಕ ಹಾಕಿದ್ದ. ಮರುದಿನ ಅವನನ್ನು ಕರೆದು, "ಅಲ್ಲಪ್ಪಾ, ಅರವತ್ತು ಸೆಂಟಿಮೀಟರ್ ರಿಬ್ಬನ್ನಿನಿಂದ ನಾನೂರ ಇಪ್ಪತ್ತು ಸೆಂಟಿಮೀಟರ್ ತುಂಡು ಹೇಗೆ ಕತ್ತರಿಸುತ್ತೀಯ?" ಎಂದು ಕೇಳಿದೆ. "ಆಗಲ್ಲ ಮಿಸ್. ಆದರೆ ಭಾಗಾಕಾರ ಸರಿ ಇದೆಯಲ್ಲಾ?" ಎಂದ.

ಭಾಗಾಕಾರ ಸರಿಯಾಗಿಯೇ ಇತ್ತು. ಎಡಗಡೆಯ ಕಂಬದ ಸಂಖ್ಯೆಗಳನ್ನಷ್ಟೇ ಗುಣಿಸಿದ್ದರೆ ಸಿಗುವ 12, ಅಂದರೆ ನಿಜವಾದ ಉತ್ತರ, ಅದೇ ಹಾಳೆಯಲ್ಲಿ ಅವನ ಕಣ್ಣೆದುರಿಗೇ ಇತ್ತು. ಅವನು ಬರೆದ 420 ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ), ಬೇಕಾಗಿದ್ದ 12 ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ). ಎರಡೂ ಒಂದೇ ಭಾಗಾಕಾರದಿಂದ ಹುಟ್ಟುತ್ತವೆ; ಅವನಿಗೆ ಗೊತ್ತಿಲ್ಲದೇ ಇದ್ದದ್ದು ಅವೆರಡರಲ್ಲಿ ಯಾವುದನ್ನು ಎತ್ತಿಕೊಳ್ಳಬೇಕು ಎಂಬುದು ಮಾತ್ರ. ಅದನ್ನು ಅವನಿಗೆ ಯಾರೂ ಅಭ್ಯಾಸ ಮಾಡಿಸಿರಲಿಲ್ಲ, ಅವನ ಟೀಚರಾದ ನಾನೂ ಸೇರಿದಂತೆ. ಇಪ್ಪತ್ತು ವರ್ಷಗಳಿಂದ ಗಣಿತ ಹೇಳಿಕೊಡುತ್ತಿರುವ ನನಗೆ ಈಗ ಅನ್ನಿಸುತ್ತಿರುವುದು ಇಷ್ಟು: ಈ ಪಾಠದಲ್ಲಿ ನಾವು ಮಕ್ಕಳಿಂದ ಮಾಡಿಸುವ ಅಭ್ಯಾಸ ಕಡಿಮೆಯೇನಲ್ಲ, ಆದರೆ ಅಭ್ಯಾಸ ಬೇಕಾದ ಜಾಗವನ್ನು ಬಿಟ್ಟು ಬೇರೆ ಜಾಗದಲ್ಲಿ ಮಾಡಿಸುತ್ತಿದ್ದೇವೆ.

ನಮ್ಮ ಕ್ರಮವನ್ನೇ ನೋಡಿ. ಒಂದು ವಾರ ಮ.ಸಾ.ಅ., ಅದರ ಕೆಳಗೆ ಹದಿನೈದು ಲೆಕ್ಕ. ಮುಂದಿನ ವಾರ ಲ.ಸಾ.ಅ., ಅದರ ಕೆಳಗೆ ಇನ್ನೊಂದು ಹದಿನೈದು. ಯಾವ ಶೀರ್ಷಿಕೆಯ ಕೆಳಗೆ ಲೆಕ್ಕ ಬಂದಿದೆಯೋ ಅದನ್ನೇ ಕಂಡುಹಿಡಿಯಬೇಕು ಎಂದು ಮಗುವಿಗೆ ಪ್ರಶ್ನೆ ಓದುವ ಮೊದಲೇ ಗೊತ್ತಿರುತ್ತದೆ. ಪರೀಕ್ಷೆಯಲ್ಲಿ ಆ ಶೀರ್ಷಿಕೆ ಇರುವುದಿಲ್ಲ. ಆಗ ಮಗು ಪದಗಳನ್ನು ಹುಡುಕುತ್ತದೆ: "ಗರಿಷ್ಠ" ಎಂದಿದ್ದರೆ ಮ.ಸಾ.ಅ., "ಕನಿಷ್ಠ" ಎಂದಿದ್ದರೆ ಲ.ಸಾ.ಅ. ಗೈಡುಗಳೂ ಟ್ಯೂಷನ್‌ಗಳೂ ಈ ಸೂತ್ರವನ್ನೇ ಕಲಿಸುತ್ತವೆ. ಅದೇ ರಿಬ್ಬನ್ ಲೆಕ್ಕದಲ್ಲಿ "ಕನಿಷ್ಠ ಎಷ್ಟು ತುಂಡುಗಳು ಸಿಗುತ್ತವೆ" ಎಂದು ಕೇಳಿಬಿಟ್ಟರೆ ಸೂತ್ರ ಕೈಕೊಡುತ್ತದೆ, ಏಕೆಂದರೆ ತುಂಡುಗಳು ಕನಿಷ್ಠವಾಗಬೇಕಾದರೆ ಪ್ರತಿ ತುಂಡಿನ ಉದ್ದ ಗರಿಷ್ಠವಾಗಬೇಕು, ಆದ್ದರಿಂದ ಬೇಕಾದದ್ದು ಮ.ಸಾ.ಅ.

ಹೆಸರುಗಳೂ ಮಕ್ಕಳಿಗೆ ನೆರವಾಗುವುದಿಲ್ಲ. ಲಘುತಮ ಎಂದರೆ ಎಲ್ಲಕ್ಕಿಂತ ಚಿಕ್ಕದು, ಆದರೆ ಬರುವ ಉತ್ತರ ಕೊಟ್ಟ ಸಂಖ್ಯೆಗಳಷ್ಟಾದರೂ ಇರುತ್ತದೆ, ಸಾಮಾನ್ಯವಾಗಿ ಅವುಗಳಿಗಿಂತ ಬಹಳ ದೊಡ್ಡದೇ. ಮಹತ್ತಮ ಎಂದರೆ ಎಲ್ಲಕ್ಕಿಂತ ದೊಡ್ಡದು, ಆದರೆ ಉತ್ತರ ಕೊಟ್ಟ ಸಂಖ್ಯೆಗಳಲ್ಲಿ ಚಿಕ್ಕದನ್ನು ಎಂದೂ ಮೀರುವುದಿಲ್ಲ. ಸಾಲದ್ದಕ್ಕೆ ಸಂಕ್ಷೇಪ ರೂಪದ ಕೊನೆಯ "ಅ" ಒಂದರಲ್ಲಿ ಅಪವರ್ತ್ಯ, ಅಂದರೆ ಸಂಖ್ಯೆಯ ಮಗ್ಗಿಯಲ್ಲಿ ಬರುವುದು; ಇನ್ನೊಂದರಲ್ಲಿ ಅಪವರ್ತನ, ಅಂದರೆ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವುದು. ಈ ಎರಡು ಪದಗಳನ್ನು ಅದಲುಬದಲು ಮಾಡುವ ದೊಡ್ಡವರನ್ನೂ ನಾನು ಕಂಡಿದ್ದೇನೆ. ಅಪವರ್ತ್ಯಗಳ ಸಾಲಿಗೆ ಕೊನೆಯೇ ಇಲ್ಲದಿರುವುದರಿಂದ ಅತಿ ದೊಡ್ಡದನ್ನು ಕೇಳಲು ಸಾಧ್ಯವಿಲ್ಲ, ಹಾಗಾಗಿ ಚಿಕ್ಕದನ್ನು ಕೇಳುತ್ತೇವೆ. ಅಪವರ್ತನಗಳಲ್ಲಿ 1 ಎಲ್ಲ ಸಂಖ್ಯೆಗಳಿಗೂ ಸಾಮಾನ್ಯವಾಗಿ ಇದ್ದೇ ಇರುವುದರಿಂದ ಅತಿ ಚಿಕ್ಕದನ್ನು ಕೇಳುವುದರಲ್ಲಿ ಅರ್ಥವಿಲ್ಲ, ಹಾಗಾಗಿ ದೊಡ್ಡದನ್ನು ಕೇಳುತ್ತೇವೆ. ಈ ಒಂದು ಮಾತನ್ನು ಬಿಡಿಸಿ ಹೇಳಲು ಐದು ನಿಮಿಷ ಸಾಕು. ನಾನೇ ಎಷ್ಟೋ ವರ್ಷ ಹೇಳಿರಲಿಲ್ಲ.

ಈ ಹೆಸರುಗಳಿಗೆ ಹಳೆಯ ಚರಿತ್ರೆಯಿದೆ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯನು ಲೀಲಾವತಿ ಎಂಬ ತನ್ನ ಗಣಿತಗ್ರಂಥದ ಕುಟ್ಟಕ ಎಂಬ ಭಾಗದಲ್ಲಿ, ಎರಡು ಸಂಖ್ಯೆಗಳನ್ನು ಒಂದರಿಂದ ಇನ್ನೊಂದನ್ನು ಪರಸ್ಪರ ಭಾಗಿಸುತ್ತಾ ಹೋದಾಗ ಕೊನೆಗೆ ಉಳಿಯುವ ಶೇಷಕ್ಕೇ ಅಪವರ್ತನ ಎಂದು ಹೆಸರಿಟ್ಟಿದ್ದಾನೆ. ಎಂದರೆ ನಾವು ಮೂರು ಪದ ಜೋಡಿಸಿ ಹೇಳುವುದನ್ನು ಅವನು ಅಲ್ಲಿ ಒಂದೇ ಪದದಲ್ಲಿ ಹೇಳಿ ಮುಗಿಸಿದ್ದ. ಅವನಿಗಿಂತ ಮೊದಲು, ಸುಮಾರು 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯನು ಲ.ಸಾ.ಅ.ವನ್ನು ನಿರುದ್ಧ ಎಂದು ಕರೆದ. ಭಿನ್ನರಾಶಿಗಳ ಛೇದಗಳ ಸಾಮಾನ್ಯ ಅಪವರ್ತನಗಳನ್ನೂ, ಅವುಗಳಿಂದ ಛೇದಗಳನ್ನು ಭಾಗಿಸಿದಾಗ ಸಿಗುವ ಭಾಗಲಬ್ಧಗಳನ್ನೂ ಒಟ್ಟಿಗೆ ಗುಣಿಸಿದರೆ ನಿರುದ್ಧ ಬರುತ್ತದೆ ಎಂಬುದು ಅವನ ನಿಯಮ. ಹನ್ನೆರಡರಲ್ಲಿ ಐದಕ್ಕೆ ಹದಿನೆಂಟರಲ್ಲಿ ಏಳನ್ನು ಕೂಡಿಸಬೇಕೆಂದುಕೊಳ್ಳಿ. 12 ಮತ್ತು 18ಕ್ಕೆ ಸಾಮಾನ್ಯವಾದದ್ದು 6, ಭಾಗಲಬ್ಧಗಳು 2 ಮತ್ತು 3. ಮೂರನ್ನೂ ಗುಣಿಸಿದರೆ 36. ಮೊತ್ತ ನೇರವಾಗಿ 29/36. ಛೇದಗಳನ್ನು ಸುಮ್ಮನೆ ಗುಣಿಸಿದ್ದರೆ 174/216 ಬಂದು, ಅದನ್ನು ಮತ್ತೆ ಸಂಕ್ಷೇಪಿಸುವ ಕೆಲಸ ಉಳಿಯುತ್ತಿತ್ತು. ಭಿನ್ನರಾಶಿಗಳ ಕೆಲಸವನ್ನು ಚಿಕ್ಕದಾಗಿಸಲೆಂದೇ ಮಹಾವೀರ ಈ ನಿಯಮ ಕೊಟ್ಟ. ನಾವಾದರೋ ಲ.ಸಾ.ಅ.ವನ್ನು ಒಂದು ಪಾಠದಲ್ಲೂ ಭಿನ್ನರಾಶಿಯನ್ನು ಇನ್ನೊಂದು ಪಾಠದಲ್ಲೂ ಇಟ್ಟು, ನಡುವೆ ಎರಡು ತಿಂಗಳ ಅಂತರ ಬಿಟ್ಟಿರುತ್ತೇವೆ.

ಭಾಸ್ಕರಾಚಾರ್ಯನ ಆ ಪರಸ್ಪರ ಭಾಗಾಕಾರವೇ ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡನ ಕ್ರಮವೂ ಹೌದು. ಹತ್ತನೇ ತರಗತಿಯಲ್ಲಿದ್ದ ಯೂಕ್ಲಿಡನ ಭಾಗಾಕಾರದ ಭಾಗವನ್ನು 2022ರಲ್ಲಿ ಪಠ್ಯದ ಹೊರೆ ಇಳಿಸುವಾಗ ಎನ್‌ಸಿಇಆರ್‌ಟಿ ಕೈಬಿಟ್ಟಿತು. ಹೊರೆ ಇಳಿಸಬೇಕೆಂಬುದಕ್ಕೆ ನನ್ನ ತಕರಾರಿಲ್ಲ, ಆದರೆ ಇಳಿಸಬೇಕಾದದ್ದು ಇದಾಗಿರಲಿಲ್ಲ. 1073 ಮತ್ತು 1147ರ ಮ.ಸಾ.ಅ. ಕಂಡುಹಿಡಿಯಲು ಮಕ್ಕಳಿಗೆ ಕೊಟ್ಟು ನೋಡಿ. ಅವಿಭಾಜ್ಯ ಅಪವರ್ತನ ಕ್ರಮದಲ್ಲಿ ಹೊರಟವರು 2, 3, 5, 7 ಎಂದು ಒಂದೊಂದನ್ನೇ ಹಾಕಿ ನೋಡುತ್ತಾ, 29 ಮುಟ್ಟುವವರೆಗೆ 1073ಕ್ಕೆ ಏನೂ ಸಿಗದೆ, ಅರ್ಧ ದಾರಿಯಲ್ಲೇ "ಇದು ಅವಿಭಾಜ್ಯ" ಎಂದು ಬರೆದುಬಿಡುತ್ತಾರೆ. ಭಾಗಿಸಿ ಶೇಷ ಹಿಡಿದು ಹೊರಟವರಿಗೆ ಮೊದಲ ಹೆಜ್ಜೆಯಲ್ಲಿ 74 ಉಳಿಯುತ್ತದೆ. 1073ನ್ನು 74ರಿಂದ ಭಾಗಿಸಿದರೆ 37 ಉಳಿಯುತ್ತದೆ. 37ಕ್ಕೆ 74 ನಿಶ್ಶೇಷವಾಗಿ ಹೋಗುತ್ತದೆ. ಮೂರೇ ಸಾಲು, ಉತ್ತರ 37. ಇದನ್ನು ಕಲಿಯಲು ಹತ್ತನೇ ತರಗತಿಯವರೆಗೆ ಕಾಯಬೇಕಾಗಿಯೂ ಇಲ್ಲ: ಉದ್ದದ ಕಾಗದದಿಂದ ಆದಷ್ಟು ದೊಡ್ಡ ಚೌಕಗಳನ್ನು ಕತ್ತರಿಸುತ್ತಾ, ಉಳಿದ ಪಟ್ಟಿಯಿಂದ ಮತ್ತೆ ಚೌಕ ಕತ್ತರಿಸುತ್ತಾ ಹೋದರೆ ಕೊನೆಯ ಚೌಕದ ಬದಿಯೇ ಮ.ಸಾ.ಅ. ನಾಲ್ಕನೇ ತರಗತಿಯ ಮಕ್ಕಳೂ ಇದನ್ನು ಸಂತೋಷದಿಂದ ಮಾಡುತ್ತಾರೆ.

ಎನ್‌ಸಿಇಆರ್‌ಟಿಯನ್ನು ದೂರಿದ ಮೇಲೆ ಹೊಗಳಬೇಕಾದ್ದನ್ನೂ ಹೊಗಳಬೇಕು. 2024ರಲ್ಲಿ ಬಂದ ಅದರ ಆರನೇ ತರಗತಿಯ ಗಣಿತ ಪುಸ್ತಕದಲ್ಲಿ ಇಡ್ಲಿ-ವಡೆ ಎಂಬ ಆಟವಿದೆ. ಮಕ್ಕಳು ವೃತ್ತವಾಗಿ ಕುಳಿತು ಎಣಿಸುತ್ತಾ ಹೋಗಬೇಕು. 3ರ ಅಪವರ್ತ್ಯ ಬಂದವರು ಸಂಖ್ಯೆಯ ಬದಲು ಇಡ್ಲಿ ಎನ್ನಬೇಕು, 5ರದ್ದು ಬಂದವರು ವಡೆ, ಎರಡೂ ಆಗಿದ್ದರೆ ಇಡ್ಲಿ-ವಡೆ. ಮೊದಲ ಇಡ್ಲಿ-ವಡೆ 15ಕ್ಕೆ ಬರುತ್ತದೆ. ನಾನು ಇದನ್ನು 4 ಮತ್ತು 6ಕ್ಕೆ ಬದಲಿಸಿ ಆಡಿಸಿದಾಗ ಅರ್ಧ ತರಗತಿ 24ಕ್ಕೆ ಕಾದು ಕುಳಿತಿತ್ತು; 12ಕ್ಕೇ ಎರಡೂ ಬಂದು ಸರದಿಯ ಹುಡುಗಿ ತಡವರಿಸಿದಳು. ಗುಣಲಬ್ಧವೂ ಲ.ಸಾ.ಅ.ವೂ ಯಾವಾಗಲೂ ಒಂದೇ ಅಲ್ಲ ಎಂಬುದು ಬೋರ್ಡಿನ ಮೇಲಿನ ನನ್ನ ಬರವಣಿಗೆಗಿಂತ ಅವಳ ಆ ತಡವರಿಕೆಯಿಂದ ಎಲ್ಲರಿಗೂ ತಿಳಿಯಿತು. ಮೃದಂಗ ಕಲಿಯುವ ಮಕ್ಕಳಿಗೆ ಇದು ಹೊಸದೇನಲ್ಲ. ಆದಿತಾಳದ ಒಂದು ಆವರ್ತ, ಅಂದರೆ ಒಂದು ಪೂರ್ತಿ ಸುತ್ತು, ಚತುರಶ್ರ ನಡೆಯಲ್ಲಿ (ಪ್ರತಿ ಎಣಿಕೆಗೆ ನಾಲ್ಕು ಮಾತ್ರೆ) 32 ಮಾತ್ರೆ. 12 ಮಾತ್ರೆಯ ಜತಿಯೊಂದನ್ನು (ಬೋಲುಗಳ ಗುಚ್ಛವನ್ನು) ಬಿಡದೆ ನುಡಿಸುತ್ತಾ ಹೋದರೆ ಅದು ಎಂಟು ಸಲ ಮುಗಿದಾಗ, ಮೂರು ಆವರ್ತ ಕಳೆದು, 96ನೇ ಮಾತ್ರೆಯ ಕೊನೆಯಲ್ಲಿ ಸಮಕ್ಕೆ, ಅಂದರೆ ತಾಳದ ಆರಂಭಕ್ಕೆ, ಬಂದು ಕೂಡುತ್ತದೆ.

ಮ.ಸಾ.ಅ.ಕ್ಕೆ ಇಂಥ ಉದಾಹರಣೆ ಸಿಗದೆ ಬಹಳ ದಿನ ಒದ್ದಾಡಿದ್ದೆ. ಸಿಕ್ಕಿದ್ದು ನಮ್ಮ ಅಂಗಳದ ರಂಗೋಲಿಯಲ್ಲಿ. ಆಯತಾಕಾರವಾಗಿ ಚುಕ್ಕಿ ಇಟ್ಟು, ಅಕ್ಕಪಕ್ಕದ ಪ್ರತಿ ಎರಡು ಚುಕ್ಕಿಗಳ ನಡುವೆಯೂ ಎಳೆಗಳು ಒಂದನ್ನೊಂದು ದಾಟುವಂತೆ ಓರೆಯಾಗಿ ಎಳೆಯುತ್ತಾ, ಅಂಚಿನಲ್ಲಿ ಮಾತ್ರ ತಿರುಗಿಸುತ್ತಾ ಹೋದರೆ, ಇಡೀ ರಂಗೋಲಿಗೆ ಬೇಕಾಗುವ ಎಳೆಗಳ ಸಂಖ್ಯೆ ಸಾಲು ಮತ್ತು ಕಂಬಗಳ ಮ.ಸಾ.ಅ.ದಷ್ಟೇ. 3ಕ್ಕೆ 4 ಚುಕ್ಕಿ ಇಟ್ಟರೆ ಕೈ ಎತ್ತದೆ ಒಂದೇ ಎಳೆಯಲ್ಲಿ ಮುಗಿಯುತ್ತದೆ, 4ಕ್ಕೆ 6 ಇಟ್ಟರೆ ಎರಡು ಬೇಕು, 4ಕ್ಕೆ 4 ಇಟ್ಟರೆ ನಾಲ್ಕು. ಎಳೆ ಒಂದಕ್ಕೊಂದು ಬಣ್ಣ ಕೊಟ್ಟರೆ ಎಣಿಸುವುದು ಸುಲಭ.

ಈಗ ನಾನು ವಾರಕ್ಕೊಂದು ಸಲ ಹತ್ತು ವಾಕ್ಯರೂಪದ ಲೆಕ್ಕಗಳನ್ನು ಕಲಸಿ ಕೊಡುತ್ತೇನೆ, ಆದರೆ ಒಂದನ್ನೂ ಬಿಡಿಸಲು ಹೇಳುವುದಿಲ್ಲ. ಉತ್ತರ ಕೊಟ್ಟ ಸಂಖ್ಯೆಗಳಿಗಿಂತ ದೊಡ್ಡದಿರಬೇಕೋ ಚಿಕ್ಕದಿರಬೇಕೋ, ಏಕೆ, ಎಂದಷ್ಟೇ ಬರೆಯಬೇಕು. ಭಾಗಾಕಾರದ ಅಭ್ಯಾಸ ಬೇಡವೆಂದಲ್ಲ. ಮಗ್ಗಿ ಬಾರದವರಿಗೆ ಇದಾವುದೂ ದಕ್ಕುವುದಿಲ್ಲ. ಎರಡು ಸಂಖ್ಯೆಗಳ ಗುಣಲಬ್ಧ ಅವುಗಳ ಲ.ಸಾ.ಅ. ಮತ್ತು ಮ.ಸಾ.ಅ.ಗಳ ಗುಣಲಬ್ಧಕ್ಕೆ ಸಮ ಎಂಬ ನಿಯಮವನ್ನು ಮೂರು ಸಂಖ್ಯೆಗಳಿಗೂ ಹಚ್ಚುವವರಿಗಾಗಿ 6, 10, 15 ಎಂಬ ಒಂದು ಲೆಕ್ಕವನ್ನೂ ಇಡುತ್ತೇನೆ: ಮ.ಸಾ.ಅ. 1, ಲ.ಸಾ.ಅ. 30, ಗುಣಲಬ್ಧ ಮಾತ್ರ 900.

ಆ ಹುಡುಗನಿಗೆ ರಿಬ್ಬನ್ ಲೆಕ್ಕವನ್ನು ಮೂರು ವಾರದ ನಂತರ ಮತ್ತೆ ಕೊಟ್ಟೆ. ಈ ಸಲ 12 ಎಂದು ಬರೆದಿದ್ದ. ಸರಿ ಹಾಕಲು ಹೊರಟಾಗ ನನ್ನದೇ ತಪ್ಪು ಕಾಣಿಸಿತು. 60ರಿಂದ ಐದು ತುಂಡು, 84ರಿಂದ ಏಳು ತುಂಡು, ಒಟ್ಟು ತುಂಡುಗಳೂ ಹನ್ನೆರಡೇ. ಅವನು ಬರೆದದ್ದು ಉದ್ದವೋ ತುಂಡುಗಳ ಎಣಿಕೆಯೋ, ಹೇಳುವಂತಿರಲಿಲ್ಲ. ಅವನು ಸೆಂ.ಮೀ. ಎಂದು ಬರೆಯುವುದನ್ನು ಮರೆತಿದ್ದ. ಮುಂದಿನ ವರ್ಷದ ಪತ್ರಿಕೆಗೆ 84ನ್ನು ಹೊಡೆದು 96 ಎಂದು ಮಾಡಿಟ್ಟಿದ್ದೇನೆ.