ಕಾಯಿನ್ ಬಾಕ್ಸಿಗೊಂದು ಗುದ್ದು

ಅಮೆರಿಕದವರಿಗೆ ಬೇಕಾದಷ್ಟು ಪುರಸೊತ್ತು ಇದೆಯೆಂದು ಕಾಣುತ್ತದೆ. ತಮ್ಮ ಸಂಸತ್ತಿನ ಕಟ್ಟಡಗಳಲ್ಲಿನ ಸಾರ್ವಜನಿಕ ದೂರವಾಣಿಗಳಿಂದ ಬರುವ ಕಮಿಷನ್ ಹಣವನ್ನು ಯಾರು ಪಡೆಯಬೇಕು, ಎಲ್ಲಿ ಜಮಾ ಮಾಡಬೇಕು ಎಂದು ಕಾನೂನನ್ನೇ ಬರೆದಿಟ್ಟಿದ್ದಾರೆ. ಚಿಲ್ಲರೆ ಕಾಸಿಗೂ ಒಂದು ಕಲಂ! ನಮ್ಮವರದು ಇಂಥ ಜುಗ್ಗತನವಲ್ಲ. ಇಲ್ಲಿ ಫೋನಿನಿಂದ ಹಣ ಬರುವ ಮಾತು ಹಾಗಿರಲಿ, ಫೋನಿಗೆಂದೇ ಹಣ ಹೋಗುತ್ತದೆ. 2022ರ ಪರಿಷ್ಕರಣೆಯ ಹೊತ್ತಿಗೆ ಶಾಸಕರ ದೂರವಾಣಿ ಭತ್ಯೆ ತಿಂಗಳಿಗೆ 20,000 ರೂಪಾಯಿ. ವಿಧಾನಸಭೆಯ 224 ಮಂದಿಗೆ ಲೆಕ್ಕ ಹಾಕಿದರೆ 44,80,000. ಮೇಲ್ಮನೆಯವರನ್ನು ಸೇರಿಸಿಲ್ಲ, ದಯವಿಟ್ಟು ಕ್ಷಮಿಸಬೇಕು.

ಮುನ್ನೂರು ನಾನೂರಕ್ಕೆ ರೀಚಾರ್ಜ್ ಮಾಡಿಸಿದರೆ ತಿಂಗಳಿಡೀ ಬಾಯಿ ನೋಯುವಷ್ಟು ಮಾತನಾಡಬಹುದು. 20,000ಕ್ಕೆ ಇವರು ಯಾರೊಂದಿಗೆ ಮಾತನಾಡುತ್ತಾರೆ? ಮಂಡ್ಯದ ರೈತನೊಂದಿಗಂತೂ ಅಲ್ಲ. ನಾಲೆಯ ಕೊನೆಗೆ ನೀರು ಮುಟ್ಟಿಲ್ಲವೆಂದು ಅವನು ಫೋನ್ ಮಾಡಿದರೆ ಎತ್ತುವವರು ಆಪ್ತ ಸಹಾಯಕರು. "ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಣ್ಣ, ಆಮೇಲೆ ಮಾಡಿ."

ಬಸ್ ನಿಲ್ದಾಣದ ಕಾಯಿನ್ ಬಾಕ್ಸ್ ಇದಕ್ಕಿಂತ ಮರ್ಯಾದಸ್ಥ. ರೂಪಾಯಿ ಹಾಕಿದರೆ ಮಾತಿಗೆ ಬಿಡುತ್ತಿತ್ತು, ಹೊತ್ತು ಮೀರುವ ಮುನ್ನ ಕುಂಯ್ ಎಂದು ಎಚ್ಚರಿಸುತ್ತಿತ್ತು, ಸವೆದ ನಾಣ್ಯವನ್ನು ಕೆಳಗಿನಿಂದ ಉಗಿದುಬಿಡುತ್ತಿತ್ತು. ಒಮ್ಮೊಮ್ಮೆ ನುಂಗಿ ಸುಮ್ಮನಾಗುತ್ತಿತ್ತು, ನಿಜ. ಆಗ ಪಕ್ಕೆಗೊಂದು ಗುದ್ದು ಕೊಟ್ಟರೆ ಕೆಲವೊಮ್ಮೆಯಾದರೂ ನಾಣ್ಯ ಬೀಳುತ್ತಿತ್ತು. ಶಾಸಕರನ್ನು ಗುದ್ದುವ ಸೌಲಭ್ಯ ಐದು ವರ್ಷಕ್ಕೊಮ್ಮೆ ಮಾತ್ರ. ನಾಣ್ಯ ಆಗಲೂ ಬೀಳುವುದಿಲ್ಲ. ಅಂಗವಿಕಲರಿಗೆ ಆದ್ಯತೆಯಲ್ಲಿ ಕೊಟ್ಟ ಎಸ್‌ಟಿಡಿ ಬೂತುಗಳಲ್ಲಿಯೂ ಅಷ್ಟೇ, ಒಂದೊಂದು ಪಲ್ಸಿಗೂ ಲೆಕ್ಕ, ಪ್ರತಿ ಕರೆಗೂ ಚೀಟಿ. ಉಳಿದ ಕಮಿಷನ್ನಿನಲ್ಲಿ ಸಂಸಾರ ನಡೆಯುತ್ತಿತ್ತು.

ಸದನದೊಳಗೆ ಫೋನ್ ಬಳಕೆಯೇ ಆಗುವುದಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. 2012ರ ಫೆಬ್ರುವರಿ ಮರೆತಿರಾ? ಸದನದಲ್ಲಿ ಮೊಬೈಲಿನಲ್ಲಿ ಕಂಡದ್ದು ಅಶ್ಲೀಲ ವಿಡಿಯೊ ಎಂದು ನಾಡಿಗೆಲ್ಲ ತಿಳಿದು ಮೂವರು ಸಚಿವರು ರಾಜೀನಾಮೆ ಕೊಟ್ಟರು. ಜನಸಂಪರ್ಕ ಎಂದರೆ ಅದು!

ತಮ್ಮ ಸಂಬಳ, ಭತ್ಯೆಯನ್ನು ತಾವೇ ಕಾನೂನು ಮಾಡಿ ಗೊತ್ತುಮಾಡಿಕೊಳ್ಳಲು ಸಂವಿಧಾನದ 195ನೇ ವಿಧಿ ಶಾಸಕಾಂಗಕ್ಕೆ ಅವಕಾಶ ಕೊಟ್ಟಿದೆ. ಚರ್ಚೆ ಮಾಡಬೇಡಿ ಎಂದೇನೂ ಅದು ಹೇಳಿಲ್ಲ. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಬಿಜೆಪಿ ಶಾಸಕರು ಕಾಗದ ಹರಿದು ಸಭಾಧ್ಯಕ್ಷರ ಪೀಠದತ್ತ ತೂರಿದರು, 18 ಮಂದಿ ಅಮಾನತಾದರು. ಅದೇ ಗದ್ದಲದಲ್ಲಿ ಶಾಸಕರ ಸಂಬಳ 40,000ದಿಂದ 80,000ಕ್ಕೆ ಏರಿತು. ಬೇರೆ ಯಾವುದಕ್ಕೂ ಒಂದಾಗದ ಪಕ್ಷಗಳು ಇದಕ್ಕೆ ಜಗಳವಾಡಲಿಲ್ಲ.

ಅದಕ್ಕೆ ಎರಡು ತಿಂಗಳ ಮೊದಲು, ಜನವರಿಯ ಚಳಿಯಲ್ಲಿ, ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕುಳಿತಿದ್ದರು. ಗರ್ಭಿಣಿಯರ ಮನೆ ಬಾಗಿಲಿಗೆ ನಡೆದು, ಸರ್ಕಾರದ ಮಾಹಿತಿಯನ್ನೆಲ್ಲ ಮೊಬೈಲಿಗೆ ತುಂಬುವ ಹೆಣ್ಣುಮಕ್ಕಳು. ಅವರು ಕೇಳಿದ್ದು ತಿಂಗಳಿಗೆ 15,000, ಶಾಸಕರ ಫೋನಿನ ಖರ್ಚಿಗಿಂತ 5,000 ಕಡಿಮೆ. ಸಿಕ್ಕಿದ್ದು 10,000ದ ಭರವಸೆ.